ಅಳಿಯ ಮುಂದೆ ನಡೆದ ದಿನ

ಊರವರು ಆಕೆಯನ್ನು ಮೆಲ್ಲಗಮ್ಮ ಎಂದು ಕರೆಯುತ್ತಿದ್ದರು. ತಾಯಿ ತಂದೆ ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದನ್ನು ಕೂಗಿ ಕರೆಯುವವರು ಯಾರೂ ಉಳಿದಿರಲಿಲ್ಲ. ಬೆಳಗ್ಗೆ ಲಾಯದ ಬಾಗಿಲು ತೆಗೆದಲ್ಲಿಂದ ಸಂಜೆ ಅಗುಳಿ ಹಾಕುವವರೆಗೆ ಆಕೆಯ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು. ಕುದುರೆಗೆ ಮೆಲ್ಲಗೆ, ಕುದುರೆಯ ಮೇಲೆ ಕೂತವರಿಗೆ ಮೆಲ್ಲಗೆ, ಒಲೆಯ ಮೇಲೆ ಹಾಲು ಉಕ್ಕಿ ಬಂದರೆ ಹಾಲಿಗೂ ಮೆಲ್ಲಗೆ. ಹೆಸರು ತಾನಾಗಿ ಅಂಟಿಕೊಂಡಿತು, ಆಕೆ ಕಿತ್ತು ಹಾಕುವ ಗೋಜಿಗೆ ಹೋಗಲಿಲ್ಲ.

ಬೆಟ್ಟದ ಬುಡದಲ್ಲಿ ಆಕೆಯ ಲಾಯ. ಬೆಟ್ಟದ ನೆತ್ತಿಯ ಮೇಲೆ ಸನ್ಯಾಸಿಗಳ ಮಠ. ನಡುವೆ ಒಂದು ಹಳೆಯ ಕುದುರೆ ದಾರಿ. ಪಟ್ಟಣದಲ್ಲಿ ಕುದುರೆಯನ್ನು ಕಾರಿನ ಗಾಜಿನಾಚೆ ಮಾತ್ರ ಕಂಡವರು ಮೂವರೋ ನಾಲ್ವರೋ ಜೊತೆಗೂಡಿ ಬರುತ್ತಿದ್ದರು. ಬೆಳಗ್ಗೆ ಅಂಗಳದಲ್ಲಿ ಅವರಿಗೆ ಕೂರುವುದು, ಇಳಿಯುವುದು, ನಿಲ್ಲಿಸುವುದು ಕಲಿಸಿ, ಬಿಸಿಲೇರುವ ಮುಂಚೆ ಸಾಲಾಗಿ ಬೆಟ್ಟ ಹತ್ತಿಸಿ, ಮಠದ ಅಂಗಳದಲ್ಲಿ ಇಳಿಸಿ, ಅವರು ಒಳಗೆ ಮೌನವಾಗಿ ಕೂತು ಬಂದ ಮೇಲೆ ಮತ್ತೆ ಕೆಳಗಿಳಿಸುವುದು ಆಕೆಯ ಕೆಲಸ. ಸಂಜೆಗೆಲ್ಲ ಅವರು ಕಾಲು ಅಗಲಿಸಿಕೊಂಡು ಬಾತುಕೋಳಿಯ ಹಾಗೆ ನಡೆಯುತ್ತ ವ್ಯಾನು ಹತ್ತುತ್ತಿದ್ದರು. ಕುದುರೆ ಕಂಡರೆ ಕಾಲುನೋವು ಎನ್ನುವ ಗಾದೆ ಹುಟ್ಟಿದ್ದು ನಡೆಯಲು ಸೋಮಾರಿತನ ಮಾಡುವವರ ಮೇಲೆ. ಇಲ್ಲಿ ಅದು ಅಕ್ಷರಶಃ ನಿಜವಾಗುತ್ತಿತ್ತು, ಅದೂ ಇಳಿದ ಮೇಲೆ.

ಹಾಗೆಂದು ಆಕೆ ಕುದುರೆಯ ಬೆನ್ನ ಮೇಲೆ ಹುಟ್ಟಿದವಳಲ್ಲ. ಬಸ್ ಕಂಡಕ್ಟರನ ಮಗಳು. ಮದುವೆಯಾಗಿ ಬಂದ ಹೊಸತರಲ್ಲಿ ಲಾಯಕ್ಕೆ ನೀರು ತೆಗೆದುಕೊಂಡು ಹೋಗುವಾಗ ಬಕೆಟ್ಟನ್ನು ಬಾಗಿಲಲ್ಲೇ ಇಟ್ಟು ಓಡಿ ಬರುತ್ತಿದ್ದಳು. ಮಾವ ಗದರಲಿಲ್ಲ. ಒಂದು ದಿನ ಕೈಗೆ ಬ್ರಷ್ ಕೊಟ್ಟು, "ಮುಖ ನೋಡ್ಬೇಡಮ್ಮ, ಕಾಲು ಉಜ್ಜು. ಕಾಲು ಕೊಟ್ಟ ಕುದುರೆ ಆಮೇಲೆ ಮನಸ್ಸೂ ಕೊಡುತ್ತೆ" ಎಂದರು. ಅಷ್ಟೇ ಪಾಠ. ಕಾಲು ಉಜ್ಜುತ್ತ ಉಜ್ಜುತ್ತ ಭಯ ಎಲ್ಲಿ ಸವೆಯಿತೋ ಆಕೆಗೇ ತಿಳಿಯಲಿಲ್ಲ.

ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಕುದುರೆಗೆ ಹೆಸರಿಡುತ್ತಿರಲಿಲ್ಲ, ನಂಟು ಕಟ್ಟುತ್ತಿದ್ದರು. ಹೊಸ ಕುದುರೆ ಬಂದರೆ ಮಾವ ಕೆಲವು ವಾರ ಅದರ ಗುಣ ನೋಡುತ್ತಿದ್ದರು, ಆಮೇಲೆ ಇದು ನಮಗೆ ಏನಾಗಬೇಕು ಎಂದು ತೀರ್ಮಾನಿಸುತ್ತಿದ್ದರು. ಅವರ ನಂತರ ಆಕೆಯೂ ಅದನ್ನೇ ನಡೆಸಿಕೊಂಡು ಬಂದಳು. ಬಂದ ದಿನದಿಂದ ಗೋದಲಿಯ ಮುಂದೆ ನಿಂತು ತಿಂದದ್ದೇ ತಿಂದವನು ಬೀಗ. ಯಾರ ಮೈ ತಿಕ್ಕಿದರೂ ಕಿವಿ ಹಿಂದಕ್ಕೆ ಮಾಡಿ ಹೊಟ್ಟೆಕಿಚ್ಚು ಪಡುವವಳು ನಾದಿನಿ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಸಾಧು ಭಾವ. ಭಾವನ ಪಕ್ಕದಲ್ಲೇ ನಿಂತು ಸದಾ ಅವನೊಡನೆ ಪೈಪೋಟಿ ಮಾಡುವವನು ಷಡ್ಡಕ. ಎಲ್ಲರಿಗಿಂತ ಕಿರಿಯ, ಹೊಳೆಯುವ ಮೈ, ಉಪಚಾರ ಮಾಡಿದರೆ ಮಾತ್ರ ಹೆಜ್ಜೆ ಎತ್ತುವವನು ಅಳಿಯ. ಇವರೆಲ್ಲರ ಮೇಲೆ ಅತ್ತೆ, ಬೂದು ಬಣ್ಣದ ಹೆಣ್ಣು ಕುದುರೆ. ಅವಳ ಮುಂದೆ ಯಾವ ಕುದುರೆಯೂ ಹೆಜ್ಜೆ ಇಡುವ ಹಾಗಿರಲಿಲ್ಲ, ಇಟ್ಟರೆ ಕಚ್ಚಿಸಿಕೊಂಡೇ ಹಿಂದೆ ಬರಬೇಕು.

ಆಕೆಯ ಗಂಡನ ಕಾಲದಲ್ಲಿ ಕುದುರೆಗಳು ಹೊತ್ತದ್ದು ಮನುಷ್ಯರನ್ನಲ್ಲ, ಹಿಟ್ಟಿನ ಮೂಟೆ, ಎಣ್ಣೆ ಡಬ್ಬ, ಸೌದೆಯ ಹೊರೆ. ಮಠಕ್ಕೆ ಬೇಕಾದ್ದೆಲ್ಲ ಈ ದಾರಿಯಲ್ಲೇ ಏರಬೇಕಿತ್ತು. ಬೆಟ್ಟದ ಹಿಂಬದಿಯಿಂದ ಲಾರಿ ರಸ್ತೆ ಆಯಿತು, ಮೂಟೆಗಳು ಲಾರಿ ಹತ್ತಿದವು. ಹಿಂದೆಯೇ ಗಂಡನೂ ಕಾಯಿಲೆಯಲ್ಲಿ ತೀರಿಕೊಂಡ. ಇನ್ನು ಈ ಕುದುರೆಗಳಿಗೇನು ಕೆಲಸ ಎಂದು ಎಲ್ಲರೂ ಕೇಳುವ ಹೊತ್ತಿನಲ್ಲಿ, ದಾರಿ ತಪ್ಪಿ ಅಂಗಳಕ್ಕೆ ಬಂದ ಯಾರೋ ಪ್ರವಾಸಿ, "ಹಳೇ ದಾರೀಲೇ ನನ್ನನ್ನ ಮೇಲೆ ಕರ್ಕೊಂಡು ಹೋಗ್ತೀರಾ?" ಎಂದ. ಮೂಟೆಗಿಂತ ಮನುಷ್ಯ ಭಾರವೇನಲ್ಲ, ಮಾತಾಡುವ ಮೂಟೆ ಅಷ್ಟೇ ಎಂದುಕೊಂಡು ಮೆಲ್ಲಗಮ್ಮ ಹೊರಟಳು. ಆವತ್ತು ಹಿಡಿದ ದಾರಿಯನ್ನು ಕೂದಲು ನರೆತರೂ ಬಿಟ್ಟಿರಲಿಲ್ಲ.

ಮೈದುನನಿಗೆ ಲಾಯದಲ್ಲಿ ಅರ್ಧ ಪಾಲು. ಅವನೂ ಕುದುರೆಯ ಮೇಲೇ ಬೆಳೆದವನು, ಆದರೆ ಅಣ್ಣ ಹೋದ ಮೇಲೆ ಜೀನು ಮುಟ್ಟಿರಲಿಲ್ಲ. ಪಟ್ಟಣದಿಂದ ಜನರನ್ನು ತನ್ನ ವ್ಯಾನಿನಲ್ಲಿ ತಂದು ಇಳಿಸಿ, ಸಂಜೆ ಹತ್ತಿಸಿಕೊಂಡು ಹೋಗುವುದಷ್ಟೇ ಅವನ ಕೆಲಸ. ಕೆಟ್ಟವನಲ್ಲ. ಸುಮ್ಮನೆ ಬೇಸತ್ತವನು.

ಆ ವರ್ಷ ಅತ್ತೆಯ ಮುಂಗಾಲಿನ ಮೊಣಕಾಲು ಊದಿಕೊಂಡಿತು. ಪಶು ವೈದ್ಯರು ಸವರಿ ನೋಡಿ, ಸಮನೆಲದಲ್ಲಿ ಓಡಾಡಲಿ, ಇಳಿಜಾರು ಇನ್ನು ಬೇಡ ಎಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹೇಳುವುದು ಸುಲಭ. ಅತ್ತೆಯೇ ಇಲ್ಲದೆ ಸಾಲು ಹೊರಡಿಸುವುದು ಹೇಗೆ? ಮೈದುನ ಹೊತ್ತು ನೋಡಿ ಮಾತು ತೆಗೆದ.

"ಅತ್ತಿಗೆ, ಕೆಳಗಡೆ ಸವಾರಿ ಮೈದಾನ ಇಟ್ಟಿದಾನಲ್ಲ, ಅವನು ಉಳಿದ ಕುದುರೆ ಎಲ್ಲಾ ಒಟ್ಟಿಗೆ ತಗೋತೀನಿ ಅಂದಿದಾನೆ. ಚೆನ್ನಾಗಿ ನೋಡ್ಕೋತಾನೆ. ಅತ್ತೆ ಇಲ್ಲೇ ಇರ್ಲಿ."

"ಅಳಿಯನ್ನ ಮುಂದೆ ಬಿಡ್ತೀನಿ. ಕಲಿಸ್ತಾ ಇದೀನಲ್ಲ."

"ಕಲಿಸಿದ್ದು ಒಂಟಿಯಾಗಿ. ಹಿಂದೆ ಜನ ಕೂತಿರುವಾಗ ಕಿರು ದಾರೀಲಿ ನಿಂತ್ರೆ ಏನ್ಮಾಡ್ತೀಯ? ಅಲ್ಲಿ ಒಂದು ಕಡೆ ಬಂಡೆ, ಒಂದು ಕಡೆ ಪಾತಾಳ."

ಅವನ ಮಾತಿನಲ್ಲಿ ಹುರುಳಿತ್ತು, ಅದಕ್ಕೇ ಆಕೆಗೆ ಸಿಟ್ಟು ಬಂತು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಮುಂದಿನ ಗುಂಪನ್ನು ಅಳಿಯನ ಹಿಂದೆ ಕರೆದೊಯ್ಯಬೇಕು. ಮೈದುನನೂ ಷಡ್ಡಕನನ್ನೇರಿ ಕಟ್ಟಕಡೆಯಲ್ಲಿ ಬಂದು ಕಣ್ಣಾರೆ ನೋಡಬೇಕು. ಸಾಲು ಮಠ ಮುಟ್ಟಿದರೆ ಮಾರುವ ಮಾತು ಮತ್ತೆ ಎತ್ತಬಾರದು. ನಡುದಾರಿಯಲ್ಲಿ ಜನರನ್ನು ಇಳಿಸಿ ನಡೆಸಬೇಕಾಗಿ ಬಂದರೆ ಸಂಜೆಯೇ ಮೈದಾನದವನಿಗೆ ಫೋನು ಮಾಡಬೇಕು.

ಆ ದಿನ ಬಂದವರು ಮೂವರು. ಒಬ್ಬರು ಹಲ್ಲಿನ ಡಾಕ್ಟರು, ಎತ್ತರದ ಆಳು, ಮಾತಿಗೆ ಮುಂಚೆ ನಗುವವರು. ಇನ್ನಿಬ್ಬರು ಅಕ್ಕ ತಂಗಿ. ಅಕ್ಕ ಬಟ್ಟೆ ಹೊಲಿಯುವವಳು, ವ್ಯಾನಿನಿಂದ ಇಳಿದಾಗಲೇ ಅವಳ ಮುಖ ಬಿಳಿಚಿಕೊಂಡಿತ್ತು. ತಂಗಿ ಅಂಚೆ ಕಚೇರಿಯವಳು, ಅಕ್ಕನನ್ನು ಎಳೆದುಕೊಂಡು ಬಂದವಳು ಅವಳೇ.

"ಇದರ ಹೆಸರೇನು?" ಎಂದು ಡಾಕ್ಟರು ತಮಗೆ ಕೊಟ್ಟ ಕುದುರೆಯ ಕತ್ತು ತಟ್ಟಿದರು.

"ಬೀಗರು ಅಂತ. ದಾರೀಲಿ ಹುಲ್ಲು ಕಂಡ್ರೆ ತಲೆ ಬಗ್ಗಿಸ್ತಾರೆ, ಮರ್ಯಾದೆಯಿಂದ ಲಗಾಮು ಎತ್ತಿ ಹಿಡೀರಿ."

"ಅಕ್ಕಂಗೆ?" ಎಂದಳು ತಂಗಿ.

"ಅಕ್ಕಂಗೆ ಭಾವ. ನಿನಗೆ ನಾದಿನಿ."

"ಅಕ್ಕಾ, ಇಷ್ಟು ವರ್ಷಕ್ಕೆ ನಿನ್ನ ಮಾತು ಕೇಳೋ ಗಂಡಸು ಸಿಕ್ಕಿದ ನೋಡು."

"ನಿನಗೂ ತಕ್ಕವಳೇ ಸಿಕ್ಕಿದಾಳೆ, ಸುಮ್ನೆ ಹತ್ತು" ಎಂದಳು ಅಕ್ಕ, ಹೆದರಿಕೆಯ ನಡುವೆಯೂ.

ಮೆಲ್ಲಗಮ್ಮ ಅಂಗಳದ ನಡುವೆ ನಿಂತು ಯಾವಾಗಲೂ ಹೇಳುವ ಪಾಠ ಹೇಳಿದಳು. ಜೀನಿನಿಂದ ತೂಗುವ ರಿಕಾಪಿನಲ್ಲಿ ಪಾದದ ಮುಂಭಾಗ ಮಾತ್ರ ಇಡಬೇಕು, ಹಿಮ್ಮಡಿ ಕೆಳಗೆ ಒತ್ತಬೇಕು. ಲಗಾಮು ಎಳೆದಾಡಬಾರದು, ಮೊಟ್ಟೆ ಹಿಡಿದ ಹಾಗೆ ಹಿಡಿಯಬೇಕು. "ಕುದುರೆ ನಿಮ್ಮನ್ನ ಬೆನ್ನಿಂದಲೇ ಓದ್ಕೊಳ್ಳುತ್ತೆ. ನೀವು ಭುಜ ತಿರುಗಿಸಿದ್ರೆ ಅದಕ್ಕೆ ಗೊತ್ತಾಗುತ್ತೆ. ಮುಂದೆ ಹೋಗ್ಬೇಕು ಅಂದ್ರೆ ಮುಂದೆ ನೋಡಿ." ಅಕ್ಕ ಪ್ರತಿ ಮಾತನ್ನೂ ತುಟಿಯಲ್ಲೇ ಹೇಳಿಕೊಂಡು ಗಟ್ಟಿ ಮಾಡುತ್ತಿದ್ದಳು, ಪರೀಕ್ಷೆಗೆ ಕೂರುವವಳ ಹಾಗೆ.

ಅತ್ತೆಯನ್ನು ಲಾಯದೊಳಗೆ ಬಿಟ್ಟು ಅಗುಳಿ ಹಾಕಿ ಹೊರಟರು. ಮೊದಲು ಅಳಿಯನ ಮೇಲೆ ಮೆಲ್ಲಗಮ್ಮ, ಅವಳ ಬೆನ್ನಿಗೇ ಭಾವನ ಮೇಲೆ ಅಕ್ಕ, ಆಮೇಲೆ ತಂಗಿ, ಡಾಕ್ಟರು, ಕೊನೆಗೆ ಮೈದುನ. ಬುಡದ ಪೊದೆಗಳ ನಡುವೆ ದಾರಿ ಅಗಲವಾಗಿತ್ತು, ಗಾಳಿ ತಣ್ಣಗಿತ್ತು. ಅಳಿಯ ಕಿವಿ ಮುಂದೆ ಮಾಡಿ ಚೆನ್ನಾಗಿಯೇ ನಡೆದ. ಮೆಲ್ಲಗಮ್ಮ ನಿರಾಳವಾಗಿ, ತಾನು ಯಾವಾಗಲೂ ಮಾಡುವ ಹಾಗೆ, ಒಂದು ಕೈಯನ್ನು ಜೀನಿನ ಹಿಂಬದಿಗೆ ಊರಿ ತಿರುಗಿ ಕೂತು, "ಮೆಲ್ಲಗೆ, ಹಿಮ್ಮಡಿ ಕೆಳಗೆ" ಎಂದಳು. ಅಳಿಯ ನಿಂತ.

ಅವನ ಹಿಂದೆ ಭಾವ ನಿಂತ, ನಾದಿನಿ ಅವನಿಗೆ ಢಿಕ್ಕಿ ಹೊಡೆದು ಕಿವಿ ಮಡಚಿದಳು, ಬೀಗರು ಸಿಕ್ಕಿದ್ದೇ ಸಮಯವೆಂದು ಹುಲ್ಲಿಗೆ ಬಾಗಿದರು.

ಮೆಲ್ಲಗಮ್ಮ ಮುಂದೆ ತಿರುಗಿ ಹಿಮ್ಮಡಿಯಿಂದ ಒತ್ತಿದಳು. ಅಳಿಯ ಹೊರಟ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ನಿಂತ. ಮತ್ತೆ ಹೊರಡಿಸಿದಳು, ಮತ್ತೆ ನಿಂತ.

"ಯಾಕೆ ಅತ್ತಿಗೆ, ಅಳಿಯಂದಿರಿಗೆ ಉಪಚಾರ ಸಾಲದಾ?" ಎಂದು ಮೈದುನ ಕಡೆಯಿಂದ ಕೂಗಿದ. ಡಾಕ್ಟರು ನಕ್ಕರು. ಆಕೆ ನಗಲಿಲ್ಲ. ವಾರಗಟ್ಟಲೆ ಇದೇ ದಾರಿಯಲ್ಲಿ ಒಬ್ಬಳೇ ಇವನನ್ನು ಹತ್ತಿಸಿ ಇಳಿಸಿದ್ದಳು. ಒಂದು ದಿನವೂ ಹೀಗೆ ಮಾಡಿದವನಲ್ಲ. ಜೀನಿನ ಪಟ್ಟಿ ಒತ್ತುತ್ತಿದೆಯೇನೋ ಎಂದು ಇಳಿದು ನೋಡಿದಳು, ಒತ್ತಿರಲಿಲ್ಲ. ಗೊರಸಿನಲ್ಲಿ ಕಲ್ಲು ಸಿಕ್ಕಿದೆಯೇನೋ ಎಂದು ಎತ್ತಿ ನೋಡಿದಳು, ಚೊಕ್ಕವಾಗಿತ್ತು. ಹಾಗಾದರೆ ಇವನಿಗೆ ಧೈರ್ಯವಿಲ್ಲ, ಅತ್ತೆಯ ಬಾಲ ಕಾಣದೆ ಇವನ ಕಾಲು ಏಳುವುದಿಲ್ಲ ಎಂದು ಆಕೆಯ ಮನಸ್ಸು ಮೊದಲ ಸಲ ಕುಗ್ಗಿತು.

ಆಕೆ ಮತ್ತೆ ಹತ್ತಿ ಕೂತಳು. ಹೀಗೆ ನಿಲ್ಲುತ್ತ ಹೊರಡುತ್ತ ಕಿರು ದಾರಿಯ ಬಾಯಿಗೆ ಬಂದರು. ಎಡಕ್ಕೆ ಬಂಡೆ ಗೋಡೆಯ ಹಾಗೆ ಎದ್ದಿತ್ತು. ಬಲಕ್ಕೆ ಮರಗಳ ತುದಿ ಕಾಲ ಕೆಳಗೆ ಕಾಣುತ್ತಿತ್ತು. ಇಲ್ಲಿ ಸಾಲು ನಿಂತರೆ ಕುದುರೆ ತಿರುಗಿಸಲು ಜಾಗವಿಲ್ಲ. ಮೈದುನ ತಮಾಷೆ ಬಿಟ್ಟು ಕಡೆಯಿಂದಲೇ ಹೇಳಿದ.

"ಅತ್ತಿಗೆ, ನೋಡಿದ್ದಾಯ್ತು. ಒಳಗೆ ಹೋದ್ಮೇಲೆ ನಿಂತ್ರೆ ಕಷ್ಟ. ಇಲ್ಲೇ ಇಳಿಸಿಬಿಡೋಣ, ನಡ್ಕೊಂಡು ಹೋಗ್ಲಿ."

ಅವನ ದನಿಯಲ್ಲಿ ಗೆದ್ದ ಗತ್ತಿರಲಿಲ್ಲ. ಅದರಿಂದ ಆಕೆಗೆ ಇನ್ನೂ ನೋವಾಯಿತು. ಜನರ ಪ್ರಾಣದ ಮುಂದೆ ತನ್ನ ಹಟ ದೊಡ್ಡದಲ್ಲ ಎಂದು ಗೊತ್ತಿತ್ತು. ಬಾಯಿ ತೆರೆದು ಇಳಿಯಿರಿ ಎನ್ನಬೇಕು, ಅಷ್ಟರಲ್ಲಿ ಭಾವನ ಮೇಲೆ ಬಿಗಿಯಾಗಿ ಕೂತಿದ್ದ ಅಕ್ಕ ಸಣ್ಣ ದನಿಯಲ್ಲಿ ಕೇಳಿದಳು.

"ಅಮ್ಮ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಕೇಳಮ್ಮ."

"ನಾನು ಹೆದರಿಕೆಗೆ ನಿಮ್ಮನ್ನೇ ನೋಡ್ತಾ ಬಂದೆ, ನೀವು ಮಾಡಿದ ಹಾಗೇ ಮಾಡೋಣ ಅಂತ. ನೀವು ಹಿಂದೆ ತಿರುಗಿದಾಗೆಲ್ಲ ಅದು ನಿಲ್ತಾ ಇದೆ. ಭುಜ ತಿರುಗಿಸಿದ್ರೆ ಅದಕ್ಕೆ ಗೊತ್ತಾಗುತ್ತೆ ಅಂತ ನೀವೇ ಅಂದ್ರಲ್ಲ?"

"ಅಕ್ಕಾ, ಸುಮ್ನಿರೆ" ಎಂದು ತಂಗಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಮೆಲ್ಲಗಮ್ಮ ಬೇಕೆಂದೇ ಬಲ ಭುಜವನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದಳು. ಅದರ ಜೊತೆಗೆ ಲಗಾಮು ಹಿಡಿದ ಕೈಯೂ ಹಿಂದೆ ಸರಿಯಿತು, ತೊಡೆಯ ಭಾರ ಒಂದು ಪಕ್ಕಕ್ಕೆ ವಾಲಿತು. ಅಳಿಯನ ಕಿವಿಗಳೆರಡೂ ಅವಳ ಕಡೆ ಹೊರಳಿದವು, ಏನಮ್ಮ ಅಪ್ಪಣೆ ಎಂದು ಕೇಳುವ ಹಾಗೆ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿದ್ದಿತ್ತು. ಅತ್ತೆಗೆ ದಾರಿ ಬಾಯಿಪಾಠ. ಬೆನ್ನ ಮೇಲೆ ಕೂತವಳು ಹಿಂದೆ ತಿರುಗಿದರೂ, ನಿದ್ದೆ ಹೋದರೂ ಅವಳು ತನ್ನ ಪಾಡಿಗೆ ನಡೆಯುತ್ತಿದ್ದಳು. ಹಾಗಾಗಿ ಮೆಲ್ಲಗಮ್ಮ ಇಷ್ಟು ಕಾಲ ದಾರಿಯನ್ನು ಕುದುರೆಗೆ ಬಿಟ್ಟು, ತಾನು ಹಿಂದಕ್ಕೆ ತಿರುಗಿ ಜನರನ್ನು ನೋಡುತ್ತ ಬೆಟ್ಟ ಹತ್ತಿದ್ದಳು. ಅಳಿಯನನ್ನು ಒಬ್ಬಳೇ ಪಳಗಿಸುವಾಗ ಹಿಂದೆ ಯಾರೂ ಇರಲಿಲ್ಲ, ತಿರುಗುವ ಪ್ರಮೇಯವೂ ಬರಲಿಲ್ಲ. ಪಾಪ, ಹೇಳಿದ ಮಾತು ಕೇಳಿದ್ದಕ್ಕೆ ಅವನಿಗೆ ಬೆಳಗಿನಿಂದ ಹೇಡಿಯ ಪಟ್ಟ.

"ನಿನ್ನ ಕಣ್ಣು ಸೂಜಿ ಕಣ್ಣು, ತಾಯಿ" ಎಂದಳು ಮೆಲ್ಲಗಮ್ಮ. ಅಕ್ಕ ಕೆಂಪಾದಳು.

ತಪ್ಪು ಗೊತ್ತಾಯಿತು, ಆದರೆ ತೊಡಕು ಬಿಡಲಿಲ್ಲ. ಮುಂದೆ ನೋಡಿದರೆ ಅಳಿಯ ನಡೆಯುತ್ತಾನೆ, ಸರಿ. ಹಿಂದಿನವರನ್ನು ನೋಡುವವರು ಯಾರು? ಯಾರ ಪಾದ ರಿಕಾಪಿನಿಂದ ಜಾರಿತು, ಯಾರು ಭಯಕ್ಕೆ ಲಗಾಮು ಎಳೆದರು, ಯಾರ ತಲೆ ಸುತ್ತಿತು ಎಂದು ಹೊಸಬರ ಮೇಲೆ ಕಣ್ಣಿಡದೆ ಈ ದಾರಿ ಹತ್ತಿದವಳಲ್ಲ ಆಕೆ. ಹಿಂದೆ ತಿರುಗದೆ ಮೈದುನನನ್ನು ಕೂಗಿದಳು.

"ಕಡೇಲಿ ಕೂತಿದೀಯಲ್ಲ, ನಿನಗೆ ಎಲ್ಲರೂ ಕಾಣ್ತಾರಾ?"

"ಬೆನ್ನು ಕಾಣುತ್ತೆ."

"ಬೆನ್ನು ಸಾಕು. ಹಿಮ್ಮಡಿ ನೋಡು, ಮೊಣಕೈ ನೋಡು. ಏನಾದ್ರೂ ಕಂಡ್ರೆ ಬಾಯಿ ಬಿಟ್ಟು ಹೇಳು. ನಾನು ತಿರುಗಲ್ಲ."

"ಅತ್ತಿಗೆ, ನಾನು ನೋಡೋಕೆ ಬಂದೋನು."

"ಅದನ್ನೇ ಮಾಡು ಅಂತಿದೀನಿ."

ಬೀಗರು ಹುಲ್ಲು ಅಗಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಕಡೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು. "ಡಾಕ್ಟ್ರೇ, ಲಗಾಮು ಎತ್ತಿ ಹಿಡೀರಿ. ತಂಗಿಯವ್ರೇ, ಎಡಗಾಲು ರಿಕಾಪಿನ ಒಳಕ್ಕೆ ಹೋಗಿದೆ, ಸ್ವಲ್ಪ ಹೊರಗೆ ತಗೊಳ್ಳಿ. ಹಾಂ. ಅತ್ತಿಗೆ, ಹೊರಡು."

ಮೆಲ್ಲಗಮ್ಮ ಮುಂದೆ ನೋಡಿದಳು. ಅಳಿಯ ಹೆಜ್ಜೆ ಎತ್ತಿದ.

ಕಿರು ದಾರಿ ಪೂರಾ ಆಕೆ ಕತ್ತು ಹೊರಳಿಸಲಿಲ್ಲ. ಹಿಂದೆ ತಿರುಗದೆ ಇರುವುದು ಎಷ್ಟು ಕಷ್ಟ ಎಂದು ಆಕೆಗೆ ಅಂದೇ ತಿಳಿದದ್ದು. ಬೆನ್ನಿನ ಮೇಲೆ ತುರಿಕೆ ಎದ್ದ ಹಾಗೆ, ಕೈ ಕಟ್ಟಿದ ಹಾಗೆ. ಕಲ್ಲು ಉರುಳಿದ ಸದ್ದಾಯಿತು. ತಂಗಿ ಏನೋ ಅಂದಳು, ಅಕ್ಕ ಉಸಿರೆಳೆದಳು. ಅಷ್ಟರಲ್ಲಿ ಮೈದುನನ ದನಿ ಬಂತು: "ಏನೂ ಆಗಿಲ್ಲ. ನಾದಿನಿ ಕಾಲು ಸ್ವಲ್ಪ ಜಾರ್ತು, ಅಷ್ಟೇ. ಮೆಲ್ಲಗೆ, ಎಲ್ರೂ ಮೆಲ್ಲಗೆ." ಮೊದಲು ಒರಟಾಗಿದ್ದ ದನಿ ಹೋಗುತ್ತ ಹೋಗುತ್ತ ಹದಕ್ಕೆ ಬಂತು. ಹದಿಹರೆಯದಲ್ಲಿ ಅಣ್ಣನ ಹಿಂದೆ ಮೂಟೆ ಸಾಲು ಹೊಡೆದವನಿಗೆ ಯಾವ ಕಲ್ಲಿನ ಬಳಿ ಕುದುರೆ ಬೆದರುತ್ತದೆ, ಎಲ್ಲಿ ನೆಲ ಸಡಿಲ ಎನ್ನುವುದೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತಿತ್ತೇನೋ. ಆಕೆ ಕೇಳುವ ಮುಂಚೆಯೇ ಹೇಳತೊಡಗಿದ.

ಬಂಡೆ ಮುಗಿದು ದಾರಿ ತಿರುಗುವ ಜಾಗ ಬಂತು. ಈ ತಿರುವನ್ನು ಮೆಲ್ಲಗಮ್ಮ ಜನರ ಮುಖದಿಂದ ಬಲ್ಲಳು. ಇಲ್ಲಿಗೆ ಬಂದೊಡನೆ ಎಲ್ಲರ ಬಾಯಿ ಸ್ವಲ್ಪ ತೆರೆಯುತ್ತಿತ್ತು, ಹುಬ್ಬು ಮೇಲೇರುತ್ತಿತ್ತು, ಬೆಳಗಿನಿಂದ ಹರಟಿದವರೂ ಸುಮ್ಮನಾಗುತ್ತಿದ್ದರು. ಮಠ ಕಂಡಿತು ಎಂದು ಆಕೆ ಅದರಿಂದಲೇ ಅರ್ಥ ಮಾಡಿಕೊಳ್ಳುತ್ತಿದ್ದಳು. ಅದಕ್ಕೂ ಹಿಂದೆ ಗಂಡನ ಜೊತೆ ಬರುತ್ತಿದ್ದಾಗ ಕಣ್ಣೆಲ್ಲ ಮೂಟೆಯ ಹಗ್ಗದ ಮೇಲೆ. ಅಳಿಯನನ್ನು ಪಳಗಿಸುವ ವಾರಗಳಲ್ಲಿ ಬೆಟ್ಟದ ಮೇಲೆ ಮಂಜು ಕವಿದಿತ್ತು, ಅವನ ಕಿವಿಯಾಚೆ ಏನೂ ಕಂಡಿರಲಿಲ್ಲ.

ಅಂದು ಆಕಾಶ ತಿಳಿಯಾಗಿತ್ತು. ಅಳಿಯ ತಿರುವು ದಾಟಿದ. ಎದುರಿಗೆ, ಬೆಟ್ಟದ ನೆತ್ತಿಗೆ ಯಾರೋ ಒತ್ತಿ ಅಂಟಿಸಿದಂತೆ ಮಠ ನಿಂತಿತ್ತು. ಬಿಳಿ ಗೋಡೆ, ಸಾಲು ಕಿಟಕಿ, ಹಂಚಿನ ಮೇಲೆ ಬಿಸಿಲು. ಒಂದು ಕಿಟಕಿಯಲ್ಲಿ ಯಾರೋ ಹಾಸಿಗೆ ಬಟ್ಟೆ ಕೊಡವುತ್ತಿದ್ದರು, ಸದ್ದು ಕೇಳುವಷ್ಟು ಹತ್ತಿರವಿರಲಿಲ್ಲ. ಮಠದ ಒಳಗಿನ ಮೂಲೆ ಮೂಲೆ ಬಲ್ಲವಳು, ಹೊರಗಿನಿಂದ ಅದು ಹೀಗೆ ಒಮ್ಮೆಲೇ ಎದುರಾಗುತ್ತದೆ ಎನ್ನುವುದನ್ನು ಕಂಡಿರಲೇ ಇಲ್ಲ. ಆಕೆಯ ಬಾಯಿಯೂ ಸ್ವಲ್ಪ ತೆರೆಯಿತು. ಆಕೆಯ ಮುಖ ನೋಡಲು ಮುಂದೆ ಯಾರೂ ಇರಲಿಲ್ಲ, ಅಳಿಯ ತನ್ನ ಪಾಡಿಗೆ ನಡೆಯುತ್ತಿದ್ದ.

"ಅತ್ತಿಗೆ, ಎಲ್ರೂ ಸರಿಯಾಗಿದಾರೆ" ಎಂದ ಮೈದುನ ಹಿಂದಿನಿಂದ. ಸ್ವಲ್ಪ ತಡೆದು, "ಯಾಕೆ, ಮಾತೇ ಇಲ್ಲ?"

"ಏನಿಲ್ಲ. ಬಾ."

ಮಠದ ಬಾಗಿಲು ಕಾಯುವ ಮುದಿ ಸನ್ಯಾಸಿ ಬಕೆಟ್ಟಿನಲ್ಲಿ ನೀರು ತಂದಿಟ್ಟರು. ಸಾಲನ್ನು ನೋಡಿ, "ಇವತ್ತು ಅತ್ತೆ ಎಲ್ಲಿ?" ಎಂದರು.

"ಅವಳಿಗೆ ಇನ್ನು ಬಿಡುವು, ಗುರುಗಳೇ."

"ಒಳ್ಳೇದು. ನನಗೆ ಯಾವಾಗ ಕೊಡ್ತಾರೆ ಅಂತ ಕೇಳ್ಬೇಕು" ಎಂದು ಅವರು ಮೊಣಕಾಲು ಹಿಡಿದುಕೊಂಡೇ ಒಳಗೆ ಹೋದರು. ಮೂವರು ಅತಿಥಿಗಳೂ ಚಪ್ಪಲಿ ಬಿಟ್ಟು ಅವರ ಹಿಂದೆ ನಡೆದರು. ಅಕ್ಕ ಹೊಸಿಲಲ್ಲಿ ನಿಂತು, ಬಂದು ಭಾವನ ಮೂಗು ಒಂದು ಸಲ ಸವರಿ ಮತ್ತೆ ಹೋದಳು.

ಅಂಗಳದಲ್ಲಿ ಉಳಿದವರು ಅತ್ತಿಗೆ ಮೈದುನ. ಅವನು ಕಲ್ಲಿನ ಕಟ್ಟೆಯ ಮೇಲೆ ಕೂತು ತೊಡೆ ಒತ್ತಿಕೊಂಡ. ಆಕೆ ಚಹಾದ ಫ್ಲಾಸ್ಕು ತೆರೆದು ಲೋಟ ಕೊಟ್ಟಳು. ಅವನು ಲೋಟ ಹಿಡಿದು ಬಂದ ದಾರಿಯ ಕಡೆ ನೋಡಿದ.

"ಅಣ್ಣ ಮುಂದೆ, ನಾನು ಹಿಂದೆ" ಎಂದ. "ಮೂಟೆ ವಾಲಿದ್ರೆ ನಾನು ಕೂಗ್ತಿದ್ದೆ. ಅವನು ತಿರುಗಿ ನೋಡ್ತಾ ಇರ್ಲಿಲ್ಲ. ನಾನು ಕೂಗ್ತೀನಿ ಅಂತ ಅವನಿಗೆ ಗೊತ್ತಿತ್ತು."

"ಹೂಂ."

"ನೀನು ಯಾವಾಗ್ಲೂ ತಿರುಗೇ ಕೂರ್ತಿದ್ದೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

"ಹಿಂದೆ ಯಾರೂ ಇರ್ಲಿಲ್ವಲ್ಲಪ್ಪ" ಎಂದಳು ಆಕೆ. ದೂರುವ ದನಿಯಲ್ಲಿ ಅಲ್ಲ, ಇದ್ದದ್ದನ್ನು ಇದ್ದ ಹಾಗೆ. ಅವನು ಚಹಾ ಕುಡಿದು ಮುಗಿಸಿದ.

"ಮುಟ್ಟಿದ್ದಾಯ್ತಲ್ಲ. ಮೈದಾನದವನಿಗೆ ಬೇಡ ಅಂತ ಹೇಳ್ತೀನಿ."

"ಹೇಳು. ಆದ್ರೆ ನೀನು ಬರ್ದೇ ಹೋದ್ರೆ ಹೇಳಿ ಏನು ಪ್ರಯೋಜನ? ಮುಂದೆ ನೋಡ್ಕೊಂಡು ಹೋಗೋದಕ್ಕೆ ನನಗೆ ಹಿಂದೆ ಒಬ್ಬರು ಬೇಕು."

"ವ್ಯಾನ್ ಯಾರು ನೋಡ್ಕೋತಾರೆ?"

"ಅದು ಬೆಟ್ಟದ ಬುಡದಲ್ಲಿ ನಿಂತಿರುತ್ತೆ. ಹುಲ್ಲು ಕೇಳಲ್ಲ, ನೀರು ಕೇಳಲ್ಲ."

ಅವನು ಎದ್ದು ಹೋಗಿ ಷಡ್ಡಕನ ಜೀನಿನ ಪಟ್ಟಿ ಎಳೆದು ನೋಡಿದ, ಭಾವನದ್ದು ನೋಡಿದ, ಯಾರೂ ಹೇಳದಿದ್ದರೂ ನಾದಿನಿಯ ಜಾರಿದ ಕಾಲನ್ನು ಎತ್ತಿ ಗೊರಸಿನ ಮೇಲೆ ಬೆರಳಾಡಿಸಿದ. ನಾದಿನಿ ಕಿವಿ ಮಡಚಿದಳು. "ಗೊತ್ತಮ್ಮ, ಗೊತ್ತು" ಎಂದ ಅವಳಿಗೆ.

ಇಳಿಯುವಾಗಲೂ ಅಳಿಯನೇ ಮುಂದೆ. ಮೆಲ್ಲಗಮ್ಮನಿಗೆ ಇಳಿಜಾರಿನಲ್ಲಿ ಎರಡು ಸಲ ಕತ್ತು ತಾನಾಗಿ ಹೊರಳಿತು, ಎರಡು ಸಲವೂ ಅಳಿಯ ನಿಂತ, ಎರಡು ಸಲವೂ ಹಿಂದಿನಿಂದ, "ಅತ್ತಿಗೆ, ನಾನಿದೀನಿ, ಮುಂದೆ ನೋಡು" ಎಂಬ ಮಾತು ಬಂತು. ಮೂರನೆಯ ಸಲಕ್ಕೆ ಅಕ್ಕನೇ, "ಅಮ್ಮ, ಭುಜ" ಎಂದಳು. ಎಲ್ಲರೂ ನಕ್ಕರು, ಮೆಲ್ಲಗಮ್ಮನೂ ನಕ್ಕಳು.

ಸಂಜೆ ಜನರನ್ನು ಹತ್ತಿಸಿಕೊಂಡು ವ್ಯಾನಿನ ಬಾಗಿಲು ಹಾಕುವ ಮುಂಚೆ ಮೈದುನ ಅಂಗಳದ ಮೂಲೆಯಲ್ಲಿ ನಿಂತು ಫೋನಿನಲ್ಲಿ ಮಾತಾಡಿದ. ಇಲ್ಲ ಸ್ವಾಮಿ, ಕೊಡೋದಿಲ್ಲ, ಮನೆಗೇ ಬೇಕು ಎಂದದ್ದಷ್ಟು ಆಕೆಗೆ ಕೇಳಿಸಿತು. ಆಮೇಲೆ ಕಾಲು ಅಗಲಿಸಿಕೊಂಡು, ಅತಿಥಿಗಳಿಗಿಂತ ಕೆಟ್ಟದಾಗಿ ನಡೆಯುತ್ತ ಬಂದ.

"ಮುಂದಿನ ಗುಂಪು ಯಾವಾಗ ಹೊರಡೋದು?"

"ಬಿಸಿಲು ಏರೋ ಮುಂಚೆ. ಆದ್ರೆ ನೀನು ಅದಕ್ಕಿಂತ ಬೇಗ ಬರ್ಬೇಕು. ಕಡೇಲಿ ಕೂರೋರು ಹೊರಡೋ ಮುಂಚೆ ಎಲ್ಲರ ಜೀನಿನ ಪಟ್ಟಿ ನೋಡ್ಬೇಕು."

"ಇದು ಯಾವಾಗಿಂದ ಬಂದ ನಿಯಮ?"

"ಇವತ್ತಿಂದ."

ಅವನು ಏನೋ ಗೊಣಗಿಕೊಂಡು, ಬಾಗಿಲ ಸರಳು ಹಿಡಿದು ಮೆಲ್ಲಗೆ ಒಂದೊಂದೇ ಕಾಲು ಎತ್ತಿ ವ್ಯಾನು ಹತ್ತಿದ. ಆಕೆ ಕುದುರೆಗಳಿಗೆ ನೀರು ಹಾಕಲು ಒಳಗೆ ನಡೆದಳು.